ಮ್ಯಾನುಯಲ್ ಗೇರು, ಆಟೋಮ್ಯಾಟಿಕ್ ಗೇರು: ಇಂಧನ ಉಳಿಸುವುದು ಯಾವುದು?

ಹೊಸ ಕಾರು ಕೊಳ್ಳಲು ಹೊರಟವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಮೈಲೇಜು ಎಷ್ಟು?’ ಕ್ಲಚ್ಚು ತುಳಿಯುವ ಗೋಜಿಲ್ಲದ ಆಟೋಮ್ಯಾಟಿಕ್ ಕಾರಿನ ಮಾತು ಬಂದರಂತೂ, ‘ಅದು ಪೆಟ್ರೋಲು ಜಾಸ್ತಿ ಕುಡಿಯುತ್ತದೆ’ ಎಂದು ಎಚ್ಚರಿಸುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಒಂದು ಕಾಲಕ್ಕೆ ಈ ಮಾತು ಸಂಪೂರ್ಣ ನಿಜವಾಗಿತ್ತು. ಇಂದು ಅದನ್ನು ಹಾಗೆಯೇ ಒಪ್ಪುವಂತಿಲ್ಲ.

ನಮ್ಮ ರಸ್ತೆಗಳಲ್ಲಿ ಧಾರಾಳವಾಗಿ ಕಾಣುವ ಮೂರು ಕಾರುಗಳನ್ನು ನೋಡಿ. ಮಾರುತಿ ಸುಜುಕಿ ಎರ್ಟಿಗಾದ 2019ರ ಬಿಎಸ್-6 ಪೆಟ್ರೋಲ್ ಮಾದರಿಗೆ ಪ್ರಕಟವಾದ ಇಂಧನ ಕ್ಷಮತೆ ಹೀಗಿತ್ತು: ಮ್ಯಾನುಯಲ್‌ನಲ್ಲಿ ಲೀಟರಿಗೆ 19.01 ಕಿ.ಮೀ., ಆಟೋಮ್ಯಾಟಿಕ್‌ನಲ್ಲಿ 17.99 ಕಿ.ಮೀ. 2022ರಲ್ಲಿ ಅದೇ ಕಾರು ಹೊಸ ರೂಪದಲ್ಲಿ ಬಂದಾಗ ಈ ಅಂಕಿಗಳು 20.51 ಮತ್ತು 20.30 ಆದವು. ಅಂದರೆ ಶೇಕಡ 5ಕ್ಕೂ ಮೀರಿದ್ದ ಅಂತರ ಶೇಕಡ 1ಕ್ಕೆ ಇಳಿಯಿತು. 2020ರ ಹೋಂಡಾ ಸಿಟಿಯಲ್ಲಿ ಮ್ಯಾನುಯಲ್‌ಗೆ 17.8, ಆಟೋಮ್ಯಾಟಿಕ್‌ಗೆ 18.4. 2021ರ ಸೆಲೆರಿಯೊ ವಿಎಕ್ಸ್‌ಐ ದರ್ಜೆಯಲ್ಲಿ ಮ್ಯಾನುಯಲ್‌ಗೆ 25.24, ಆಟೋಮ್ಯಾಟಿಕ್‌ಗೆ 26.68. ಕೊನೆಯ ಎರಡರಲ್ಲಿ ಆಟೋಮ್ಯಾಟಿಕ್ಕೇ ಮುಂದಿದೆ!

ಹೀಗಾಗಲು ಕಾರಣವೇನು? ಉತ್ತರ ತಿಳಿಯಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು. ಎಂಜಿನ್ನಿನಿಂದ ಚಕ್ರಕ್ಕೆ ಶಕ್ತಿ ಸಾಗುವ ದಾರಿಯಲ್ಲಿ ಗೇರು ಪೆಟ್ಟಿಗೆ ಎಷ್ಟನ್ನು ಕಳೆಯುತ್ತದೆ? ಎಂಜಿನ್ ಯಾವ ವೇಗದಲ್ಲಿ ತಿರುಗುವಂತೆ ಅದು ಮಾಡುತ್ತದೆ? ಮೈಲೇಜಿನ ಚರ್ಚೆಯಲ್ಲಿ ಮೊದಲನೆಯದನ್ನು ಎಲ್ಲರೂ ನೆನೆಯುತ್ತಾರೆ, ಎರಡನೆಯದನ್ನು ಮರೆಯುತ್ತಾರೆ.

ಗೇರು ಏಕೆ ಬೇಕು?

ಪೆಟ್ರೋಲ್ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತುಗಳಿಗಿಂತ ನಿಧಾನವಾಗಿ ತಿರುಗಿದರೆ ನಡುಗಿ ನಿಂತುಹೋಗುತ್ತದೆ. ಸಾಮಾನ್ಯ ಕಾರುಗಳಲ್ಲಿ ಅದರ ಗರಿಷ್ಠ ಮಿತಿ 6,000 ಸುತ್ತುಗಳ ಆಸುಪಾಸು. ಆದರೆ ಚಕ್ರಗಳು ನಿಂತ ಸ್ಥಿತಿಯಿಂದ ಹಿಡಿದು ಹೆದ್ದಾರಿಯ ವೇಗದವರೆಗೂ ತಿರುಗಬೇಕು. ಈ ಎರಡರ ನಡುವೆ ಹೊಂದಾಣಿಕೆ ಮಾಡಿಕೊಡುವುದೇ ಗೇರು ಪೆಟ್ಟಿಗೆ.

ಗೇರುಳ್ಳ ಸೈಕಲ್ ತುಳಿದಿದ್ದರೆ ಇದು ನಿಮಗೆ ಗೊತ್ತು. ಏರು ಹತ್ತುವಾಗ ಕಾಲುಗಳನ್ನು ಬೇಗ ಬೇಗ ಆಡಿಸುತ್ತೀರಿ, ಸೈಕಲ್ ನಿಧಾನವಾಗಿ ಚಲಿಸುತ್ತದೆ, ಆದರೆ ಪ್ರತಿ ತುಳಿತವೂ ಹಗುರವಾಗಿರುತ್ತದೆ. ಸಮತಟ್ಟಿನ ರಸ್ತೆಯಲ್ಲಿ ನಿಧಾನವಾಗಿ ತುಳಿದರೂ ಸೈಕಲ್ ವೇಗವಾಗಿ ಓಡುತ್ತದೆ, ಆದರೆ ತುಳಿತ ಬಿಗಿಯಾಗಿರುತ್ತದೆ. ತಿರುಗಿಸುವ ಬಲ ಅಂದರೆ ಟಾರ್ಕ್ ಹೆಚ್ಚಿದಷ್ಟೂ ತಿರುಗುವ ವೇಗ ಕಡಿಮೆಯಾಗುತ್ತದೆ. ಸನ್ನೆಯ ನಿಯಮವೇ ಇದು. ಗೇರು ಶಕ್ತಿಯನ್ನು ಸೃಷ್ಟಿಸುವುದಿಲ್ಲ, ಇರುವ ಶಕ್ತಿಯನ್ನು ಬೇಕಾದ ರೂಪದಲ್ಲಿ ಒದಗಿಸುತ್ತದೆ ಅಷ್ಟೆ.

60 ಕಿ.ಮೀ. ವೇಗಕ್ಕೆ ಎಷ್ಟು ಸಾಮರ್ಥ್ಯ ಸಾಕು?

ಇಲ್ಲೊಂದು ಸರಳ ಲೆಕ್ಕ ಮಾಡೋಣ. ಜನರೂ ಸೇರಿ 1,000 ಕಿಲೋಗ್ರಾಂ ತೂಗುವ ಸಣ್ಣ ಕಾರು ಸಮತಟ್ಟು ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ., ಅಂದರೆ ಸೆಕೆಂಡಿಗೆ 16.7 ಮೀಟರು ವೇಗದಲ್ಲಿ ಓಡುತ್ತಿದೆ ಎಂದುಕೊಳ್ಳಿ.

ಟೈರುಗಳ ಉರುಳು ಘರ್ಷಣೆಯ ಗುಣಾಂಕ 0.012 ಎಂದಿಟ್ಟುಕೊಂಡರೆ ಆ ರೋಧ 1,000 × 9.8 × 0.012, ಸುಮಾರು 118 ನ್ಯೂಟನ್. ಗಾಳಿಯ ರೋಧ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸಣ್ಣ ಕಾರಿನ ಆಕಾರ ಮತ್ತು ಎದುರು ಮುಖದ ವಿಸ್ತೀರ್ಣವನ್ನು ಹಿಡಿದು ಲೆಕ್ಕ ಹಾಕಿದರೆ ಈ ವೇಗದಲ್ಲಿ ಅದೂ ಸುಮಾರು 117 ನ್ಯೂಟನ್. ಒಟ್ಟು 235 ನ್ಯೂಟನ್. ಬಲವನ್ನು ವೇಗದಿಂದ ಗುಣಿಸಿದರೆ ಬೇಕಾದ ಸಾಮರ್ಥ್ಯ ಸಿಗುತ್ತದೆ: 3.9 ಕಿಲೋವ್ಯಾಟ್. ದಾರಿಯ ನಷ್ಟ ಸೇರಿಸಿ ಎಂಜಿನ್ 4 ಕಿಲೋವ್ಯಾಟ್ ಒದಗಿಸಬೇಕು ಎನ್ನೋಣ.

ಇಂಥ ಕಾರಿನ ಎಂಜಿನ್ನಿನ ಗರಿಷ್ಠ ಸಾಮರ್ಥ್ಯ 50 ಕಿಲೋವ್ಯಾಟ್‌ಗೆ ಹತ್ತಿರ ಇರುತ್ತದೆ. ಅಂದರೆ ಹನ್ನೆರಡು ಜನ ಹೊರಬಲ್ಲ ಹೊರೆಗೆ ಒಬ್ಬನ ಕೆಲಸ ಸಾಕಾಗಿದೆ! ಉಳಿದದ್ದು ಥಟ್ಟನೆ ವೇಗ ಹೆಚ್ಚಿಸಲು, ಘಾಟಿ ಏರಲು ಬೇಕಾದ ಮೀಸಲು. ಮೈಲೇಜಿನ ಸಮಸ್ಯೆ ಹುಟ್ಟುವುದು ಇಲ್ಲಿಯೇ.

ಮೂರನೇ ಗೇರೋ, ಐದನೇ ಗೇರೋ?

ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲೂ ಇಂಧನ ಬೇಕು. ಪಿಸ್ಟನ್ ಸಿಲಿಂಡರಿನ ಗೋಡೆಗೆ ಉಜ್ಜುತ್ತದೆ, ಬೇರಿಂಗುಗಳು ಉಜ್ಜುತ್ತವೆ, ಎಣ್ಣೆಯ ಪಂಪು, ನೀರಿನ ಪಂಪು ಓಡಬೇಕು. ಜೊತೆಗೆ, ಪೆಟ್ರೋಲ್ ಎಂಜಿನ್ನಿಗೆ ಕಡಿಮೆ ಕೆಲಸವಿದ್ದಾಗ ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಬಾಗಿಲು ಬಹುಪಾಲು ಮುಚ್ಚಿರುತ್ತದೆ. ಆ ಕಿರಿದಾದ ಸಂದಿಯಿಂದ ಗಾಳಿ ಹೀರಲು ಪಿಸ್ಟನ್ ಹೆಣಗಬೇಕು. ಮೂಗಿನ ಒಂದು ಹೊಳ್ಳೆ ಮುಚ್ಚಿಕೊಂಡು ಓಡಿದಂತೆ!

1.2 ಲೀಟರ್ ಎಂಜಿನ್ನಿನಲ್ಲಿ ಈ ಒಳ ನಷ್ಟಗಳೆಲ್ಲ ಸೇರಿ 15 ನ್ಯೂಟನ್-ಮೀಟರ್ ಟಾರ್ಕ್‌ಗೆ ಸಮ ಎಂದು ಇಟ್ಟುಕೊಳ್ಳೋಣ. ನಿಜದಲ್ಲಿ ಇದು ವೇಗದೊಡನೆ ತುಸು ಬದಲಾಗುತ್ತದೆ. ಆದರೆ ಸುಮಾರಿನ ಲೆಕ್ಕಕ್ಕೆ ಸಾಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಇಂಥ ಕಾರಿನ ಎಂಜಿನ್ ಐದನೇ ಗೇರಿನಲ್ಲಿ ನಿಮಿಷಕ್ಕೆ ಸುಮಾರು 1,800 ಸುತ್ತು, ಮೂರನೇ ಗೇರಿನಲ್ಲಿ ಸುಮಾರು 3,000 ಸುತ್ತು ತಿರುಗುತ್ತದೆ.

ಐದನೇ ಗೇರಿನಲ್ಲಿ ಒಳ ನಷ್ಟ 2.8 ಕಿಲೋವ್ಯಾಟ್. ಕಾರಿಗೆ ಬೇಕಾದ 4 ಕಿಲೋವ್ಯಾಟ್ ಸೇರಿಸಿದರೆ ಒಟ್ಟು 6.8. ಮೂರನೇ ಗೇರಿನಲ್ಲಿ ಒಳ ನಷ್ಟ 4.7, ಒಟ್ಟು 8.7 ಕಿಲೋವ್ಯಾಟ್. ಸಿಲಿಂಡರಿನೊಳಗೆ ಇಂಧನದ ಶಾಖಶಕ್ತಿಯ ಶೇ. 36ರಷ್ಟು ಪಿಸ್ಟನ್ನನ್ನು ತಳ್ಳುವ ಕೆಲಸವಾಗುತ್ತದೆ ಎಂದುಕೊಂಡರೆ, ಮತ್ತು ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದೆ ಎಂಬುದನ್ನು ಬಳಸಿದರೆ, ಒಂದು ಗಂಟೆಗೆ ಐದನೇ ಗೇರಿನಲ್ಲಿ 2.1 ಲೀಟರು, ಮೂರನೇ ಗೇರಿನಲ್ಲಿ 2.7 ಲೀಟರು ಖರ್ಚಾಗುತ್ತದೆ. ಮೈಲೇಜಿನಲ್ಲಿ ಹೇಳುವುದಾದರೆ ಒಂದರಲ್ಲಿ ಲೀಟರಿಗೆ 28 ಕಿ.ಮೀ., ಇನ್ನೊಂದರಲ್ಲಿ 22 ಕಿ.ಮೀ.

ಅದೇ ಕಾರು, ಅದೇ ರಸ್ತೆ, ಅದೇ ವೇಗ. ಬದಲಾದದ್ದು ಗೇರು ಮಾತ್ರ. ಕಾಲು ಭಾಗಕ್ಕೂ ಹೆಚ್ಚು ಇಂಧನ ಗೇರಿನ ಆಯ್ಕೆಯೊಂದರಿಂದಲೇ ಖರ್ಚಾಯಿತು. ಆದ್ದರಿಂದ ಇಂಧನ ಉಳಿಸುವ ಸೂತ್ರ ಇಷ್ಟೆ: ಬೇಕಾದ ಸಾಮರ್ಥ್ಯವನ್ನು ಆದಷ್ಟು ಕಡಿಮೆ ಸುತ್ತುಗಳಲ್ಲಿ ಪಡೆಯಬೇಕು. ಇದಕ್ಕೂ ಮಿತಿಯುಂಟು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಐದನೇ ಗೇರು ಹಾಕಿದರೆ ಎಂಜಿನ್ ಅದುರುತ್ತದೆ, ಎಳೆಯಲಾರದೆ ಗುದ್ದಾಡುತ್ತದೆ. ಆ ಮಿತಿಗೆ ತುಸು ಮೇಲೆ ಎಂಜಿನ್ನನ್ನು ಸದಾ ಇರಿಸುವುದೇ ಜಾಣತನ. ಆ ಜಾಣತನ ಚಾಲಕನದಾಗಿರಬಹುದು, ಯಂತ್ರದ್ದಾಗಿರಬಹುದು.

ಎದುರು ಬದುರು ಇಟ್ಟ ಎರಡು ಫ್ಯಾನುಗಳು

ಇನ್ನು ಮೊದಲನೆಯ ಪ್ರಶ್ನೆಗೆ ಬರೋಣ. ದಾರಿಯಲ್ಲಿ ಕಳೆಯುವುದು ಎಷ್ಟು?

ಮ್ಯಾನುಯಲ್ ಗೇರು ಪೆಟ್ಟಿಗೆಯಲ್ಲಿ ಉಕ್ಕಿನ ಹಲ್ಲುಚಕ್ರಗಳು ಒಂದನ್ನೊಂದು ಕಚ್ಚಿ ತಿರುಗುತ್ತವೆ. ಒಂದು ಜೋಡಿ ಹಲ್ಲುಚಕ್ರದಲ್ಲಿ ನಷ್ಟವಾಗುವುದು ಶೇ. 1ರಿಂದ 2ರಷ್ಟು ಮಾತ್ರ. ಎಂಜಿನ್ನಿಗೂ ಗೇರು ಪೆಟ್ಟಿಗೆಗೂ ನಡುವಿನ ಕ್ಲಚ್ಚು ಒಮ್ಮೆ ಪೂರ್ತಿ ಹಿಡಿದುಕೊಂಡರೆ ಜಾರುವುದೇ ಇಲ್ಲ. ದಕ್ಷತೆಯಲ್ಲಿ ಇದನ್ನು ಮೀರಿಸುವುದು ಕಷ್ಟ.

ಸಾಂಪ್ರದಾಯಿಕ ಆಟೋಮ್ಯಾಟಿಕ್ ಕಾರಿನಲ್ಲಿ ಕ್ಲಚ್ಚಿನ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಎರಡು ಟೇಬಲ್ ಫ್ಯಾನುಗಳನ್ನು ಎದುರು ಬದುರಾಗಿ ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿ ನೋಡಿ. ಅದರ ಗಾಳಿಗೆ ಇನ್ನೊಂದರ ರೆಕ್ಕೆಗಳೂ ಮೆಲ್ಲಗೆ ತಿರುಗುತ್ತವೆ. ಗಾಳಿಯ ಬದಲು ಎಣ್ಣೆ ತುಂಬಿ, ಎರಡನ್ನೂ ಒಂದೇ ಚಿಪ್ಪಿನಲ್ಲಿ ಮುಚ್ಚಿದರೆ ದ್ರವದ ಮೂಲಕ ಚಾಲನೆ ಸಾಗಿಸುವ ಸಾಧನ ಸಿದ್ಧ. ಎಂಜಿನ್ ತಿರುಗಿಸುವ ರೆಕ್ಕೆಗಳಿಗೆ ಪಂಪು ಎಂದೂ, ಎಣ್ಣೆಯ ಹೊಡೆತಕ್ಕೆ ತಿರುಗಿ ಗೇರಿಗೆ ಚಾಲನೆ ಕೊಡುವ ರೆಕ್ಕೆಗಳಿಗೆ ಟರ್ಬೈನ್ ಎಂದೂ ಹೆಸರು. ಇವೆರಡರ ನಡುವೆ ಎಣ್ಣೆಯ ಹರಿವನ್ನು ತಿರುಗಿಸುವ ಮೂರನೆಯ ರೆಕ್ಕೆಗಳ ಚಕ್ರವನ್ನು ಇಟ್ಟರೆ, ಕಾರು ಹೊರಡುವಾಗ ಟಾರ್ಕ್ ಹೆಚ್ಚುತ್ತದೆ ಕೂಡ. ಅದೇ ಟಾರ್ಕ್ ಕನ್ವರ್ಟರ್.

ಈ ಉಪಾಯ ಹೊಳೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಉಗಿ ಟರ್ಬೈನ್ ವೇಗವಾಗಿ ತಿರುಗುತ್ತದೆ, ಹಡಗಿನ ನೋದಕ ನಿಧಾನವಾಗಿ ತಿರುಗಬೇಕು. ಇವೆರಡನ್ನು ಹೊಂದಿಸಲು ಜರ್ಮನಿಯ ಎಂಜಿನಿಯರ್ ಹೆರ್ಮನ್ ಫಟ್ಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಮೆರಿಕದ ಜನರಲ್ ಮೋಟಾರ್ಸ್ 1940ರ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ‘ಹೈಡ್ರಾ-ಮ್ಯಾಟಿಕ್’ ಎಂಬ ಹೆಸರಿನಲ್ಲಿ, ದ್ರವ ಜೋಡಣೆಯುಳ್ಳ ಸ್ವಯಂಚಾಲಿತ ಗೇರನ್ನು ಮಾರುಕಟ್ಟೆಗೆ ತಂದಿತು.

ಇಲ್ಲಿನ ತೊಡಕನ್ನು ಫ್ಯಾನುಗಳೇ ಹೇಳುತ್ತವೆ. ಎರಡನೆಯ ಫ್ಯಾನು ಎಂದೂ ಮೊದಲನೆಯದರಷ್ಟು ವೇಗವಾಗಿ ತಿರುಗದು. ಪಂಪು ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಟರ್ಬೈನ್ 1,800 ಸುತ್ತು ತಿರುಗುತ್ತಿದೆ, ಎರಡೂ ಕಡೆ ಟಾರ್ಕ್ ಸಮನಾಗಿದೆ ಎನ್ನಿ. ಆಗ ದಕ್ಷತೆ ಶೇ. 90. ಉಳಿದ ಶೇ. 10 ಎಣ್ಣೆಯನ್ನು ಬಿಸಿ ಮಾಡುತ್ತದೆ, ಅಷ್ಟೆ. ಆ ಬಿಸಿಯನ್ನು ಹೊರಹಾಕಲು ಇಂಥ ಕಾರುಗಳಲ್ಲಿ ಗೇರಿನ ಎಣ್ಣೆಗೇ ತಂಪುಗಾರಕವೊಂದನ್ನು ಇಡಬೇಕಾಗುತ್ತದೆ. ಸಿಗ್ನಲ್ಲಿನಲ್ಲಿ ಬ್ರೇಕು ಒತ್ತಿ ನಿಂತಾಗಲಂತೂ ಟರ್ಬೈನ್ ನಿಶ್ಚಲ, ಪಂಪು ಮಾತ್ರ ಎಣ್ಣೆಯನ್ನು ಕಡೆಯುತ್ತಲೇ ಇರುತ್ತದೆ. ಗೇರುಗಳ ಕ್ಲಚ್ಚುಗಳಿಗೆ ಒತ್ತಡ ಒದಗಿಸುವ ಎಣ್ಣೆ ಪಂಪು ಬೇರೆ ಸದಾ ಓಡಬೇಕು.

ಇದರ ಜೊತೆಗೆ ಹಳೆಯ ಆಟೋಮ್ಯಾಟಿಕ್‌ಗಳಲ್ಲಿ ಗೇರುಗಳ ಸಂಖ್ಯೆಯೂ ಕಡಿಮೆ. 1950ರಲ್ಲಿ ಬಂದ ಷೆವರ್ಲೆ ‘ಪವರ್‌ಗ್ಲೈಡ್’ನಲ್ಲಿ ಇದ್ದದ್ದು ಎರಡೇ ಗೇರು. ಹೀಗೆ ಹಳೆಯ ಆಟೋಮ್ಯಾಟಿಕ್ ಎರಡೂ ಕಡೆ ಸೋತಿತ್ತು. ದಾರಿಯ ನಷ್ಟವೂ ಹೆಚ್ಚು, ಎಂಜಿನ್ನಿನ ಸುತ್ತುಗಳೂ ಹೆಚ್ಚು. ‘ಪೆಟ್ರೋಲು ಕುಡಿಯುತ್ತದೆ’ ಎಂಬ ಮಾತಿನ ಮೂಲ ಇದು.

ಬೀಗ ಬಿದ್ದ ಮೇಲೆ

1973ರ ತೈಲ ಬಿಕ್ಕಟ್ಟು ಕಾರು ತಯಾರಕರ ಕಣ್ಣು ತೆರೆಸಿತು. ಜಾರುವ ಎಣ್ಣೆಯೇ ಸಮಸ್ಯೆಯಾದರೆ, ಕಾರು ಒಮ್ಮೆ ವೇಗ ಪಡೆದ ಮೇಲೆ ಪಂಪನ್ನೂ ಟರ್ಬೈನನ್ನೂ ನೇರವಾಗಿ ಬಂಧಿಸಬಾರದೇಕೆ? ಕನ್ವರ್ಟರಿನೊಳಗೇ ಒಂದು ಕ್ಲಚ್ಚನ್ನು ಇಟ್ಟು ಬೀಗ ಹಾಕುವ ಈ ವಿಧಾನವನ್ನು ಪ್ಯಾಕರ್ಡ್ ಸಂಸ್ಥೆ 1949ರಲ್ಲೇ ಬಳಸಿತ್ತು. ಬಿಕ್ಕಟ್ಟಿನ ನಂತರ ಅದು ವ್ಯಾಪಕವಾಗಿ ಮರಳಿ ಬಂತು. ಬೀಗ ಬಿದ್ದಾಗ ಎಣ್ಣೆಯ ಜಾರಿಕೆ ಸೊನ್ನೆ.

ಇನ್ನೊಂದು ಕಡೆ ಗೇರುಗಳು ಹೆಚ್ಚಿದವು. ಜರ್ಮನಿಯ ಜೆಡ್ಎಫ್ ಸಂಸ್ಥೆಯ ಎಂಟು ಗೇರುಗಳ ಪೆಟ್ಟಿಗೆ 2009ರಲ್ಲಿ ಬಿಎಂಡಬ್ಲ್ಯು ಕಾರಿನಲ್ಲಿ ಬಂತು. ಮುಂದೆ ಹತ್ತು ಗೇರುಗಳೂ ಬಂದವು. ಮ್ಯಾನುಯಲ್ ಕಾರಿನಲ್ಲಿ ಹತ್ತು ಗೇರು ಕೊಟ್ಟರೆ ಚಾಲಕನಿಗೆ ಗೇರು ಬದಲಿಸುವುದೇ ಕೆಲಸವಾದೀತು! ಯಂತ್ರಕ್ಕೆ ಆ ಆಯಾಸವಿಲ್ಲ.

ಎರ್ಟಿಗಾದ ಕಥೆಯೂ ಇದೇ. 2019ರ ಆಟೋಮ್ಯಾಟಿಕ್‌ನಲ್ಲಿ ನಾಲ್ಕು ಗೇರುಗಳಿದ್ದವು, ಮ್ಯಾನುಯಲ್‌ನಲ್ಲಿ ಐದು. 2022ರಲ್ಲಿ ಆಟೋಮ್ಯಾಟಿಕ್‌ಗೆ ಆರು ಗೇರುಗಳು ಬಂದವು. ಅಂತರ ಕರಗಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೂ ಮೂರು ಬಗೆ

ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ಇಂದು ಬೇರೆ ಬೇರೆ ಯಂತ್ರಗಳಿವೆ. ಮೈಲೇಜು ಹೋಲಿಸುವ ಮೊದಲು ‘ಯಾವ ಆಟೋಮ್ಯಾಟಿಕ್?’ ಎಂದು ಕೇಳಬೇಕು.

ಎಎಂಟಿ: ಇದು ವಾಸ್ತವವಾಗಿ ಮ್ಯಾನುಯಲ್ ಗೇರು ಪೆಟ್ಟಿಗೆಯೇ. ಕ್ಲಚ್ಚು ಒತ್ತುವ ಕಾಲಿನ ಕೆಲಸವನ್ನೂ ಗೇರು ತಳ್ಳುವ ಕೈಯ ಕೆಲಸವನ್ನೂ ಕಂಪ್ಯೂಟರಿನ ಆಣತಿಯಂತೆ ಸಣ್ಣ ಯಂತ್ರಗಳು ಮಾಡುತ್ತವೆ. ಟಾರ್ಕ್ ಕನ್ವರ್ಟರ್ ಇಲ್ಲ, ಆದ್ದರಿಂದ ಎಣ್ಣೆಯ ಜಾರಿಕೆಯೂ ಇಲ್ಲ. ಗೇರು ಬದಲಾಗುವಾಗ ಕ್ಷಣಕಾಲ ಎಳೆತ ನಿಂತು ಕಾರು ತಲೆದೂಗಿದಂತಾಗುವುದು ಇದರ ಕೊರತೆ. 2014ರ ಫೆಬ್ರವರಿಯಲ್ಲಿ ಸೆಲೆರಿಯೊ ಮೂಲಕ ಇದು ನಮ್ಮ ಸಣ್ಣ ಕಾರುಗಳಿಗೆ ಬಂತು. ಆಗ ಮ್ಯಾನುಯಲ್ ಮತ್ತು ಎಎಂಟಿ ಎರಡಕ್ಕೂ ಪ್ರಕಟವಾದ ಅಂಕಿ ಒಂದೇ: ಲೀಟರಿಗೆ 23.1 ಕಿ.ಮೀ.

ಜೋಡಿ ಕ್ಲಚ್ಚಿನ ಗೇರು: 1, 3, 5ನೇ ಗೇರುಗಳಿಗೆ ಒಂದು ಕ್ಲಚ್ಚು, 2, 4, 6ನೇ ಗೇರುಗಳಿಗೆ ಇನ್ನೊಂದು. ಮೂರನೆಯದರಲ್ಲಿ ಓಡುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿ ಕಾದಿರುತ್ತದೆ. ಒಂದು ಕ್ಲಚ್ಚು ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ, ಎಳೆತ ತುಂಡಾಗುವುದಿಲ್ಲ. ಸಾಮಾನ್ಯ ಮಾರಾಟದ ಕಾರಿಗೆ ಇದನ್ನು ತಂದದ್ದು ಫೋಕ್ಸ್‌ವ್ಯಾಗನ್, 2003ರಲ್ಲಿ. ಹೆದ್ದಾರಿಯಲ್ಲಿ ಇದರ ದಕ್ಷತೆ ಮ್ಯಾನುಯಲ್‌ಗೆ ಸಮೀಪ. ಆಮೆಗತಿಯ ಸಂಚಾರದಲ್ಲಿ ಕ್ಲಚ್ಚು ಪದೇ ಪದೇ ಜಾರಬೇಕಾಗಿ ಬಂದಾಗ ಬಿಸಿಯೂ ನಷ್ಟವೂ ಹೆಚ್ಚು.

ಸಿವಿಟಿ: ಇದರಲ್ಲಿ ಮೊದಲನೇ ಗೇರು, ಎರಡನೇ ಗೇರು ಎಂಬ ಮೆಟ್ಟಿಲುಗಳೇ ಇಲ್ಲ. ಶಂಕುವಿನಾಕಾರದ ಎರಡು ರಾಟೆಗಳ ನಡುವೆ ಒಂದು ಪಟ್ಟಿ. ರಾಟೆಯ ಎರಡು ಭಾಗಗಳು ಹತ್ತಿರ ಬಂದರೆ ಪಟ್ಟಿ ಅಂಚಿಗೆ ಏರುತ್ತದೆ, ದೂರ ಸರಿದರೆ ಒಳಗೆ ಇಳಿಯುತ್ತದೆ. ಅನುಪಾತ ಮೆಟ್ಟಿಲಿನಂತಲ್ಲದೆ ಇಳಿಜಾರಿನಂತೆ ಬದಲಾಗುತ್ತದೆ. ನೆದರ್ಲೆಂಡ್ಸಿನ ಡಿಎಎಫ್ ಸಂಸ್ಥೆ 1958ರಲ್ಲಿ ಇದನ್ನು ಕಾರಿನಲ್ಲಿ ಬಳಸಿತು. ನಮ್ಮ ಗೇರಿಲ್ಲದ ಸ್ಕೂಟರುಗಳಲ್ಲಿ ಇರುವುದೂ ಇದೇ ತತ್ವ, ರಬ್ಬರ್ ಪಟ್ಟಿಯೊಡನೆ.

ಸಿವಿಟಿಯಲ್ಲಿ ನಮ್ಮ ಎರಡು ಪ್ರಶ್ನೆಗಳು ಪರಸ್ಪರ ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಪಟ್ಟಿ ಜಾರದಂತೆ ರಾಟೆಗಳನ್ನು ಬಲವಾಗಿ ಒತ್ತಿ ಹಿಡಿಯಬೇಕು, ಅದಕ್ಕೇ ಶಕ್ತಿ ಬೇಕು. ಹಾಗಾಗಿ ದಾರಿಯ ನಷ್ಟ ಹಲ್ಲುಚಕ್ರಗಳಿಗಿಂತ ಹೆಚ್ಚು. ಆದರೆ ಎಂಜಿನ್ನನ್ನು ಮಿತವ್ಯಯದ ಸುತ್ತುಗಳಲ್ಲಿ ಸದಾ ಇರಿಸಬಲ್ಲದು. ಹೋಂಡಾ ಸಿಟಿಯಲ್ಲಿ ಎರಡನೆಯ ಲಾಭ ಮೊದಲ ನಷ್ಟವನ್ನು ಮೀರಿತು. ಸ್ಕೂಟರಿನಲ್ಲಿ ಹಾಗಲ್ಲ. ರಬ್ಬರ್ ಪಟ್ಟಿಯ ನಷ್ಟ ಹೆಚ್ಚು, ಎಂಜಿನ್ನೂ ವೇಗವಾಗಿಯೇ ತಿರುಗುತ್ತಿರುತ್ತದೆ. 100 ಸಿಸಿಯ ಗೇರುಳ್ಳ ಬೈಕು ಸಾಮಾನ್ಯವಾಗಿ 110 ಸಿಸಿಯ ಸ್ಕೂಟರಿಗಿಂತ ಹೆಚ್ಚು ಮೈಲೇಜು ಕೊಡಲು ಇದೊಂದು ಕಾರಣ.

ಪ್ರಯೋಗಾಲಯದ ಅಂಕಿ

ಸೆಲೆರಿಯೊದಲ್ಲಿ ಎಎಂಟಿ ಮುಂದೆ ಹೋದದ್ದು ಹೇಗೆ? ಗೇರು ಪೆಟ್ಟಿಗೆ ಎರಡರಲ್ಲೂ ಒಂದೇ ಬಗೆಯದು. ಹಾಗಿದ್ದರೆ ಮುಖ್ಯ ವ್ಯತ್ಯಾಸ ಗೇರು ಬದಲಿಸುವ ಕ್ಷಣದಲ್ಲಿರಬೇಕು.

ನಾವು ಇಲ್ಲಿ ಕೊಟ್ಟಿರುವ ಅಂಕಿಗಳು ರಸ್ತೆಯ ಮೇಲೆ ಅಳೆದವಲ್ಲ. ಪುಣೆಯಲ್ಲಿ 1966ರಲ್ಲಿ ಸ್ಥಾಪನೆಯಾದ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಗಳಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ‘ಮಾರ್ಪಡಿಸಿದ ಭಾರತೀಯ ಚಾಲನಾ ಚಕ್ರ’ ಎಂಬ ವೇಳಾಪಟ್ಟಿಯಂತೆ ಓಡಿಸಿ, ಹೊಗೆಯಲ್ಲಿನ ಇಂಗಾಲದ ಪ್ರಮಾಣದಿಂದ ಇಂಧನದ ಲೆಕ್ಕ ತೆಗೆಯುತ್ತಾರೆ. ಈ ವೇಳಾಪಟ್ಟಿಯಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಇದರ ಮೂಲವಾದ ಯೂರೋಪಿನ ಹಳೆಯ ವೇಳಾಪಟ್ಟಿಯಲ್ಲಿ ಮ್ಯಾನುಯಲ್ ಕಾರಿನ ಗೇರನ್ನು ಯಾವಾಗ ಬದಲಿಸಬೇಕು ಎಂಬುದೂ ನಿಗದಿಯಾಗಿತ್ತು. ಆಟೋಮ್ಯಾಟಿಕ್ ಕಾರಿಗೆ ಆ ಕಟ್ಟುಪಾಡಿಲ್ಲ. ಅದರ ಕಂಪ್ಯೂಟರು ತನಗೆ ತೋಚಿದಂತೆ ಬೇಗನೆ ಮೇಲಿನ ಗೇರಿಗೆ ಹೋಗಬಹುದು. ಮೂರನೇ ಗೇರು, ಐದನೇ ಗೇರಿನ ಲೆಕ್ಕವನ್ನು ನೆನಪಿಸಿಕೊಳ್ಳಿ. ಬೇಗ ಮೇಲೇರಿದವರಿಗೆ ಲಾಭ.

ಇದನ್ನು ಮೋಸ ಎನ್ನಲಾಗದು. ರಸ್ತೆಯಲ್ಲೂ ಎಎಂಟಿ ಅದೇ ಬಗೆಯಲ್ಲಿ ಗೇರು ಬದಲಿಸುತ್ತದೆ. ಆದರೆ ಜಾಣ ಚಾಲಕ ಮ್ಯಾನುಯಲ್ ಕಾರಿನಲ್ಲಿ ಅದೇ ಕ್ಷಣಕ್ಕೆ ಗೇರು ಬದಲಿಸಿದರೆ ಅಷ್ಟೇ ಮೈಲೇಜು ಪಡೆಯಬಹುದು. ಮುಂದೆ ಏರು ಬರುತ್ತಿದೆ, ಸಿಗ್ನಲ್ ಕೆಂಪಾಗುತ್ತಿದೆ ಎಂಬುದು ಅವನ ಕಣ್ಣಿಗೆ ಕಾಣುತ್ತದೆ, ಸಾಮಾನ್ಯ ಗೇರು ಪೆಟ್ಟಿಗೆಯ ಕಂಪ್ಯೂಟರಿಗೆ ಕಾಣದು. ಅವಸರದ ಚಾಲಕ ಪ್ರತಿ ಗೇರಿನಲ್ಲೂ ಎಂಜಿನ್ನನ್ನು ಅರಚಿಸಿದರೆ ಅದೇ ಕಾರು ಸೋಲುತ್ತದೆ. ಮ್ಯಾನುಯಲ್ ಕಾರಿನ ಮೈಲೇಜು ಚಾಲಕನಿಂದ ಚಾಲಕನಿಗೆ ಹೆಚ್ಚು ಬದಲಾಗುವುದು ಇದರಿಂದಲೇ.

ನ್ಯೂಟ್ರಲ್‌ನಲ್ಲಿ ಇಳಿಜಾರು

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಹೇಳಲೇಬೇಕು. ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಪೆಟ್ರೋಲು ಉಳಿಸಲೆಂದು ಗೇರನ್ನು ನ್ಯೂಟ್ರಲ್‌ಗೆ ಹಾಕುವವರಿದ್ದಾರೆ. ಕಾರ್ಬುರೇಟರ್ ಕಾಲದ ಅಭ್ಯಾಸವಿದು. ಈಗಿನ ಕಾರುಗಳಲ್ಲಿ ಇಂಧನವನ್ನು ಇಂಜೆಕ್ಟರುಗಳು ಅಳೆದು ಚಿಮ್ಮಿಸುತ್ತವೆ. ಗೇರಿನಲ್ಲಿದ್ದು, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಇದನ್ನು ಅರಿತ ಕಂಪ್ಯೂಟರು ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ತಾನೇ ತಿರುಗುತ್ತಿರಬೇಕು, ಆದ್ದರಿಂದ ಇಂಧನ ಸುಡಲೇಬೇಕು. ಉಳಿತಾಯದ ಬದಲು ಖರ್ಚು! ಅದಕ್ಕಿಂತ ಮಿಗಿಲಾಗಿ, ಎಂಜಿನ್ನಿನ ತಡೆ ಇಲ್ಲದೆ ಎಲ್ಲ ಭಾರವೂ ಬ್ರೇಕುಗಳ ಮೇಲೆ ಬಿದ್ದು, ಅವು ಕಾದು ಹಿಡಿತ ಕಳೆದುಕೊಳ್ಳುವ ಅಪಾಯವಿದೆ. ಆಟೋಮ್ಯಾಟಿಕ್ ಕಾರಿಗೂ ಇದೇ ಮಾತು: ಇಳಿಜಾರಿನಲ್ಲಿ ಕೆಳಗಿನ ಗೇರಿರಲಿ, ನ್ಯೂಟ್ರಲ್ ಬೇಡ.

ಸಂಚಾರದಲ್ಲಿ ಅರ್ಧ ಕ್ಲಚ್ಚು ಒತ್ತಿಕೊಂಡೇ ಓಡಿಸುವುದು ಇನ್ನೊಂದು ದುರಭ್ಯಾಸ. ಆಗ ಕ್ಲಚ್ಚಿನ ಫಲಕಗಳು ಜಾರಿ, ಸವೆದು, ಶಕ್ತಿ ಶಾಖವಾಗಿ ಹೋಗುತ್ತದೆ. ಮ್ಯಾನುಯಲ್ ಕಾರಿನ ದೊಡ್ಡ ಅನುಕೂಲವನ್ನು ಕೈಯಾರೆ ಕಳೆದುಕೊಂಡಂತೆ. ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಕಡೆ ಬಹಳ ಹೊತ್ತು ನಿಂತಾಗ ಗೇರು ಯಾವುದಾದರೂ ಒಂದೇ, ಮೈಲೇಜು ಸೊನ್ನೆ. ಅಲ್ಲಿ ಎಂಜಿನ್ನನ್ನು ನಿಲ್ಲಿಸುವುದೊಂದೇ ಉಳಿತಾಯ.

ಎಷ್ಟು ಲೀಟರು, ಎಷ್ಟು ಇಂಗಾಲ?

ವರ್ಷಕ್ಕೆ 12,000 ಕಿ.ಮೀ. ಓಡಿಸುವ ಕುಟುಂಬವನ್ನು ತೆಗೆದುಕೊಳ್ಳಿ. ಪ್ರಕಟಿತ ಅಂಕಿಗಳಂತೆ 2019ರ ಎರ್ಟಿಗಾದಲ್ಲಿ ಆಟೋಮ್ಯಾಟಿಕ್ ಸುಮಾರು 36 ಲೀಟರು ಹೆಚ್ಚು ಬಳಸುತ್ತಿತ್ತು. 2022ರ ಮಾದರಿಯಲ್ಲಿ ಈ ಹೆಚ್ಚಳ 6 ಲೀಟರು ಮಾತ್ರ. ಸೆಲೆರಿಯೊದಲ್ಲಿ ಎಎಂಟಿಯೇ ಸುಮಾರು 26 ಲೀಟರು ಉಳಿಸುತ್ತದೆ. ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ ಇದು ವರ್ಷಕ್ಕೆ 2,600 ರೂಪಾಯಿ. ಆ ಅನುಕೂಲಕ್ಕೆ ಕೊಳ್ಳುವಾಗ 50,000 ರೂಪಾಯಿ ಹೆಚ್ಚು ಕೊಟ್ಟಿದ್ದರೆ, ಇಂಧನದ ಉಳಿತಾಯದಿಂದ ಅದು ಮರಳಿ ಬರಲು ಸುಮಾರು 19 ವರ್ಷ ಬೇಕು! ಆದ್ದರಿಂದ ಎಎಂಟಿ ಕೊಳ್ಳುವುದು ಕಾಲಿನ ನೋವು ತಪ್ಪಿಸಲು ಎಂದರೆ ಸರಿ, ಪೆಟ್ರೋಲಿನ ಹಣ ಉಳಿಸಲು ಎಂದರೆ ಲೆಕ್ಕ ಕೂಡಿಬರದು.

ಪರಿಸರದ ಲೆಕ್ಕವನ್ನೂ ನೋಡಿ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 0.64 ಕಿಲೋಗ್ರಾಂ ಇಂಗಾಲವಿದೆ. 12 ಭಾಗ ಇಂಗಾಲಕ್ಕೆ 44 ಭಾಗ ಕಾರ್ಬನ್ ಡೈಆಕ್ಸೈಡ್ ಆಗುವುದರಿಂದ ಲೀಟರಿಗೆ ಸುಮಾರು 2.3 ಕಿಲೋಗ್ರಾಂ ಅನಿಲ ಹೊರಬೀಳುತ್ತದೆ. ಸುಡುವ ದ್ರವಕ್ಕಿಂತ ಹುಟ್ಟುವ ಅನಿಲವೇ ಮೂರು ಪಟ್ಟು ತೂಕ! ಹೆಚ್ಚಿನ ತೂಕವೆಲ್ಲ ಗಾಳಿಯ ಆಮ್ಲಜನಕದ್ದು. 36 ಲೀಟರಿನ ವ್ಯತ್ಯಾಸ ಎಂದರೆ 80 ಕಿಲೋಗ್ರಾಮಿಗೂ ಹೆಚ್ಚು.

ಗೇರೇ ಬೇಡವಾದಾಗ

ಗೇರು ಪೆಟ್ಟಿಗೆ ಬೇಕಾದದ್ದು ಎಂಜಿನ್ನಿನ ಮಿತಿಯಿಂದ ಎಂದು ಆರಂಭದಲ್ಲಿ ನೋಡಿದೆವು. ಆ ಮಿತಿಯೇ ಇಲ್ಲದಿದ್ದರೆ? ವಿದ್ಯುತ್ ಮೋಟಾರು ಸೊನ್ನೆ ವೇಗದಿಂದಲೇ ಪೂರ್ಣ ಟಾರ್ಕ್ ಕೊಡುತ್ತದೆ, ವಿಶಾಲ ವ್ಯಾಪ್ತಿಯಲ್ಲಿ ದಕ್ಷವಾಗಿಯೂ ಇರುತ್ತದೆ. ಹಾಗಾಗಿ ಬಹುತೇಕ ವಿದ್ಯುತ್ ಕಾರುಗಳಿಗೆ ಒಂದೇ ಅನುಪಾತದ ಹಲ್ಲುಚಕ್ರ ಸಾಕು. ಮ್ಯಾನುಯಲ್ಲೋ ಆಟೋಮ್ಯಾಟಿಕ್ಕೋ ಎಂಬ ಪ್ರಶ್ನೆಯೇ ಅಲ್ಲಿಲ್ಲ.

ಇವೆರಡರ ನಡುವಿನದು ಹೈಬ್ರಿಡ್. ಬಿಡದಿಯಲ್ಲಿ 2022ರಿಂದ ತಯಾರಾಗತೊಡಗಿದ ಟೊಯೊಟಾ ಹೈರೈಡರ್ ಹೈಬ್ರಿಡ್‌ಗೆ ಪ್ರಕಟವಾದ ಅಂಕಿ ಲೀಟರಿಗೆ 27.97 ಕಿ.ಮೀ. ಸೂರ್ಯನ ಸುತ್ತ ಗ್ರಹಗಳಂತೆ ಸುತ್ತುವ ಹಲ್ಲುಚಕ್ರಗಳ ಒಂದೇ ಗುಂಪಿನ ಮೂಲಕ ಎಂಜಿನ್ನೂ ವಿದ್ಯುತ್ ಯಂತ್ರಗಳೂ ಜೋಡಣೆಯಾಗಿರುತ್ತವೆ. ಎಂಜಿನ್ ದಕ್ಷವಾಗಿ ಓಡಲಾರದ ನಿಧಾನಗತಿಯಲ್ಲಿ ಅದನ್ನು ನಿಲ್ಲಿಸಿ ಮೋಟಾರು ಕಾರನ್ನು ಓಡಿಸುತ್ತದೆ. ನಮ್ಮ ಎರಡನೆಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇರಲಾರದು.

ತರಗತಿಗೊಂದು ಚಟುವಟಿಕೆ

ಇದನ್ನು ನೀವೇ ಅಳೆದು ನೋಡಬಹುದು. ಒಂದು ಬಂಕಿನಲ್ಲಿ ಇಂಧನದ ನಳಿಗೆ ತಾನಾಗಿ ನಿಲ್ಲುವವರೆಗೆ ಟ್ಯಾಂಕು ತುಂಬಿಸಿ, ಕಿಲೋಮೀಟರು ಅಂಕಿ ಬರೆದುಕೊಳ್ಳಿ. ಕನಿಷ್ಠ 300 ಕಿ.ಮೀ. ಓಡಿದ ಮೇಲೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ. ಓಡಿದ ದೂರವನ್ನು ಎರಡನೆಯ ಸಲ ಹಿಡಿದ ಲೀಟರುಗಳಿಂದ ಭಾಗಿಸಿ. ಟೈರಿನ ಒತ್ತಡ, ಹೇರು, ದಾರಿ ಒಂದೇ ಆಗಿರುವಂತೆ ನೋಡಿಕೊಂಡು ನಾಲ್ಕೈದು ಬಾರಿ ಮಾಡಿ, ಸರಾಸರಿ ತೆಗೆಯಿರಿ. ಬಳಿಕ ಗೇರನ್ನು ಬೇಗ ಮೇಲೇರಿಸುವ ಅಭ್ಯಾಸದಿಂದ ಅದೇ ದಾರಿಯಲ್ಲಿ ಮತ್ತೆ ಅಳೆಯಿರಿ.

ಫಲಿತಾಂಶವನ್ನು ಲೀಟರಿಗೆ ಇಷ್ಟು ಕಿ.ಮೀ. ಎಂದು ಬರೆಯುವ ಜೊತೆಗೆ 100 ಕಿ.ಮೀ.ಗೆ ಇಷ್ಟು ಲೀಟರು ಎಂದೂ ಬರೆಯಲು ವಿದ್ಯಾರ್ಥಿಗಳಿಗೆ ಹೇಳಿ. 10ರಿಂದ 12ಕ್ಕೆ ಏರಿದ ಮೈಲೇಜು 1,000 ಕಿ.ಮೀ.ಗೆ ಸುಮಾರು 17 ಲೀಟರು ಉಳಿಸುತ್ತದೆ, 20ರಿಂದ 24ಕ್ಕೆ ಏರಿದ್ದು 8 ಲೀಟರು ಮಾತ್ರ. ಏಕೆ ಎಂಬುದನ್ನು ಅವರೇ ಕಂಡುಕೊಳ್ಳಲಿ.